ಏಳನೇ ಕ್ರಾಂಪುಸ್

ನವೆಂಬರ್ 30, ಶುಕ್ರವಾರ

ಬೆಳಿಗ್ಗೆಯಿಂದ ಮೇಕೆ ತೊಗಲು. ಮೂಗಲ್ಲಿ ರೋಮ, ಕಾಫಿಯಲ್ಲಿ ರೋಮ. ಒಂಬತ್ತು ಉಡುಪು ಮುಗಿದವು, ಇನ್ನು ಮೂರು ಬಾಕಿ. ದಪ್ಪ ಸೂಜಿ ಎರಡು ಮುರಿದವು.

ಹನ್ನೆರಡು ಜನ ಗಂಡಸರು ವರ್ಷಕ್ಕೊಂದು ಸಂಜೆ ಕೊಂಬು ಕಟ್ಟಿಕೊಂಡು ಕ್ರಾಂಪುಸ್ ದೆವ್ವಗಳಾಗಿ ಬೀದಿಯಲ್ಲಿ ಓಡಿ ಕುಣಿಯುವುದಕ್ಕೆ ಐವತ್ತೆಂಟರ ಹೆಂಗಸೊಬ್ಬಳು ತಿಂಗಳಿಡೀ ಬೆನ್ನು ಬಗ್ಗಿಸಬೇಕು. ಐದನೇ ತಾರೀಖು ಚಪ್ಪಾಳೆಯೆಲ್ಲ ಮುಖವಾಡಕ್ಕೆ, ಸೊಂಟದ ಗಂಟೆಗೆ. ಹೊಲಿಗೆಗೆ ಯಾರೂ ತಟ್ಟಿದ್ದು ಕಂಡಿಲ್ಲ.

ಮಧ್ಯಾಹ್ನ ನೇದಿಮ್ ಬಂದಿದ್ದ. ಮರದ ಮಿಲ್ಲಿಂದ ನೇರ, ತಲೆ ತುಂಬ ಹೊಟ್ಟು. ಹೊಸ ಮುಖವಾಡ ತೋರಿಸಲು. ತಾನೇ ಕೆತ್ತಿದ್ದು. ಒಂದು ಕೆನ್ನೆ ಹಲ್ಲುನೋವು ಬಂದವರ ಹಾಗೆ ಊದಿದೆ. ನಗುವೂ ಬರುತ್ತದೆ, ಹೆದರಿಕೆಯೂ ಆಗುತ್ತದೆ.

"ಯಾರ ಮುಖಾನೋ ಇದು?"

"ನಮ್ಮ ಸೂಪರ್‌ವೈಸರ್‌ದು. ಹೇಳ್ಬಿಟ್ಟೀರ ಅಕ್ಕ, ಕೆಲಸ ಹೋಗುತ್ತೆ."

ಹತ್ತು ವರ್ಷದವನಾಗಿದ್ದಾಗ ಯುದ್ಧಕ್ಕೆ ಹೆದರಿ ಬೋಸ್ನಿಯಾದಿಂದ ಓಡಿ ಬಂದವರ ಮಗ. ಇಪ್ಪತ್ತಾರು ವರ್ಷ ಆಯಿತು. ಹೆಂಡತಿ, ಶಾಲೆಗೆ ಹೋಗುವ ಮಗಳು, ಎಲ್ಲ ಇದ್ದಾರೆ. ಈ ಕಣಿವೆಯವರಿಗೆ ಮಾತ್ರ ಅವನಿನ್ನೂ ಹೊಸಬ. ಕ್ರಾಂಪುಸ್ ತಂಡಕ್ಕೆ ಸೇರಿಸಿಕೊಳ್ಳಲು ಅದರ ಯಜಮಾನ, ನನ್ನ ಅಣ್ಣ, ಎಂಟು ವರ್ಷ ಮೀನಮೇಷ ಎಣಿಸಿದ. ಕೊನೆಗೆ ಸೇರಿಸಿಕೊಂಡದ್ದೂ ಪ್ರೀತಿಯಿಂದಲ್ಲ. ಅವನಷ್ಟು ಚೆನ್ನಾಗಿ ಕೆತ್ತುವವರು ಬೇರೆ ಯಾರೂ ಇಲ್ಲ, ಅದಕ್ಕೆ. ನಂಬರ್ ಏಳು ಕೊಟ್ಟರು. ಓಡುವವರೆಲ್ಲರ ತೋಳಿಗೂ ನಂಬರ್ ಪಟ್ಟಿ ಇರಬೇಕು ಅಂತ ಪಂಚಾಯಿತಿಯ ನಿಯಮ. ಯಾರಾದರೂ ಅತಿ ಮಾಡಿದರೆ ಗೊತ್ತಾಗಲಿ ಅಂತ.

ಡಿಸೆಂಬರ್ 1, ಶನಿವಾರ

ಕ್ರಿಸ್ಮಸ್ ಸಂತೆಯ ಮೊದಲ ದಿನ. ನನ್ನ ಜಾಗ ಎಂದಿನಂತೆ ಚರ್ಚಿನ ಗೋಡೆಗೆ ತಾಗಿ. ಬಿಸಿ ವೈನ್, ಒಣ ಪೇರಳೆ ಹಾಕಿದ ಬ್ರೆಡ್. ಎದುರಿಗೆ ಹಂಗೇರಿಯ ಪಿರೋಷ್ಕಾ. ಹಿಟ್ಟನ್ನು ಕೋಲಿಗೆ ಸುತ್ತಿ ಕೆಂಡದ ಮೇಲೆ ತಿರುಗಿಸಿದ್ದೂ ತಿರುಗಿಸಿದ್ದೇ, ಮಾತಾಡಿದ್ದೂ ಆಡಿದ್ದೇ. ಪೇಟೆಯಿಂದ ನಾಲ್ಕು ಬಸ್ಸು. ಸಂಜೆ ಹೊತ್ತಿಗೆ ಕಾಲು ಕಲ್ಲಾಗಿದ್ದವು.

ಆಗ್ನೆಸ್ ಬಂದಳು, ಶಿಶುವಿಹಾರದ ಟೀಚರ್. ಆಗಸ್ಟಿನವರೆಗೆ ನಮ್ಮ ಸೆವೆರಿನ್ ಜೊತೆ ಓಡಾಡುತ್ತಿದ್ದಳು. ಅವನ ಹಾಗೇ ನನ್ನನ್ನು "ಅತ್ತೆ" ಅನ್ನುತ್ತಿದ್ದಳು. ಬಿಟ್ಟ ಮೇಲೂ ಬಾಯಿಗೆ ಅದೇ ಬರುತ್ತದೆ. ಬಿಟ್ಟದ್ದು ಅವಳೇ. ಕುಡಿತ, ಅನುಮಾನ... ಅವಳ ಜಾಗದಲ್ಲಿ ನಾನಿದ್ದಿದ್ದರೆ ಜೂನಿನಲ್ಲೇ ಬಿಡುತ್ತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ. ಸೆವೆರಿನ್ ಅಣ್ಣನ ಮಗ. ನಾಲ್ಕು ವರ್ಷದವನಿದ್ದಾಗ ತಾಯಿ ತೀರಿಹೋದಳು. ಅಂದಿನಿಂದ ಸಾಕಿದವಳು ನಾನು.

ಅವನೂ ಬಂದ. ಕುಡಿದೇ ಬಂದ. ಬಂದವನೇ ಅವಳ ಶಾಲಿಗೆ ಕೈ ಹಾಕಿದ.

"ಬಿಡು ಸೆವೆರಿನ್. ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ. ನೋಡ್ಲಿ ಅಂತಾನೇ ಹಿಡ್ಕೊಂಡಿದ್ದು."

ಅಣ್ಣ ಎಲ್ಲಿದ್ದನೋ, ಬಂದು ರಟ್ಟೆ ಹಿಡಿದು ಎಳೆದ. ಅಷ್ಟು ಜನರೆದುರೇ ಹೇಳಿದ — "ಈ ವರ್ಷ ನೀನು ಓಡೋ ಹಾಗಿಲ್ಲ. ಕುಡಿದವನ ಕೈಗೆ ಮುಖವಾಡ ಕೊಡಲ್ಲ. ಮಗನಾದ್ರೂ ಅಷ್ಟೇ."

ಅಣ್ಣ ಕೊರ್ಬಿನಿಯಾನ್ ಅಂದರೆ ಊರಿಗೆ ಗೌರವ. ನನಗೆ ಅಪರೂಪಕ್ಕೆ. ಇವತ್ತು ಬಂತು.

ಡಿಸೆಂಬರ್ 5, ಬುಧವಾರ, ಮಧ್ಯಾಹ್ನ 2

ಉಡುಪುಗಳನ್ನೆಲ್ಲ ಅಗ್ನಿಶಾಮಕ ಠಾಣೆಗೆ ಮುಟ್ಟಿಸಿದ್ದಾಯಿತು. ಅಲ್ಲೇ ಎಲ್ಲರೂ ವೇಷ ಕಟ್ಟುವುದು. ಸೆವೆರಿನ್‌ದು ನಾಲ್ಕನೇ ನಂಬರ್. ಅದು ಮೊಳೆಯಲ್ಲೇ ನೇತಾಡುತ್ತಿದೆ. ಅಣ್ಣ ಎಂದಿನಂತೆ ಸಂತ ನಿಕೋಲಾಸ್ — ಬಿಳಿ ಗಡ್ಡ, ಬಿಷಪ್ಪರ ಕೋಲು, ಮೆರವಣಿಗೆಯ ಮುಂದೆ ಮುಂದೆ.

ಅಂಗಡಿಯಲ್ಲಿ ಕಪ್ ತೊಳೆಯುವ ಹೆಂಗಸಿಗೆ ಜ್ವರವಂತೆ. ನಾನೊಬ್ಬಳೇ. ಸತ್ತೆ.

ಡಿಸೆಂಬರ್ 6, ಬೆಳಿಗ್ಗೆ

ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ.

ನಿನ್ನೆ ಸಂಜೆ ಐದು ಗಂಟೆ. ಕತ್ತಲಾಗಿತ್ತು. ಗಂಟೆಗಳ ಸದ್ದು ಆಗಲೇ ಮೇಲಿನ ಬೀದಿಯಲ್ಲಿ. ನೇದಿಮ್ ಏದುಸಿರು ಬಿಡುತ್ತ ಬಂದ. ಮಿಲ್ಲಿನಲ್ಲಿ ಯಂತ್ರ ಸಿಕ್ಕಿಹಾಕಿಕೊಂಡು ತಡವಾಯಿತಂತೆ. ಠಾಣೆಗೆ ಹೋದರೆ ಅವನ ಉಡುಪೂ ಇಲ್ಲ, ಮುಖವಾಡವೂ ಇಲ್ಲ.

"ಯಾರೋ ಹಾಕ್ಕೊಂಡು ಹೋಗಿದ್ದಾರೆ ಅಕ್ಕ... ಅಗೋ ನೋಡಿ, ಅಲ್ಲಿ ನನ್ನ ಮುಖ ಓಡ್ತಿದೆ!"

ಇಬ್ಬರೂ ನಕ್ಕೆವು. ಊದಿದ ಕೆನ್ನೆಯ ದೆವ್ವ, ತೋಳಿನಲ್ಲಿ ಏಳು. ನೇದಿಮ್ ಜಾಕೆಟ್ ಬಿಚ್ಚಿ, ಅಂಗಡಿಯ ಹಿಂದಿನ ಪರದೆಯೊಳಗೆ ಹೋಗಿ ಕಪ್ ತೊಳೆಯಲು ನಿಂತ. ನಾನು ಕೇಳಿರಲಿಲ್ಲ. ವೈನ್ ಮುಟ್ಟುವವನಲ್ಲ, ಸೇಬಿನ ರಸ ಬಿಸಿ ಮಾಡಿ ಕೊಟ್ಟೆ.

ಏಳನೇ ನಂಬರ್ ಅಂಗಡಿಯ ಮುಂದೆ ಹಾದುಹೋಯಿತು. ಬಲಗಾಲಿನ ಹೆಜ್ಜೆ ಒಳಕ್ಕೆ ತಿರುಗುತ್ತಿತ್ತು. ಆ ಕಾಲು ನನಗೆ ಗೊತ್ತು. ಆರು ವರ್ಷದವನಿದ್ದಾಗ ಹುಲ್ಲಟ್ಟದಿಂದ ಬಿದ್ದು ಮುರಿದುಕೊಂಡದ್ದು. ಹೊತ್ತುಕೊಂಡು ಡಾಕ್ಟರ ಹತ್ತಿರ ಓಡಿದವಳು ನಾನೇ. ಸೆವೆರಿನ್ ಅಂತ ತಿಳಿಯಿತು. ಅಪ್ಪನ ಕಣ್ಣು ತಪ್ಪಿಸಿ ಬಂದಿದ್ದಾನೆ ಅಂದುಕೊಂಡೆ. ಹೋಗಲಿ, ವರ್ಷಕ್ಕೊಂದು ಸಂಜೆ, ಓಡಲಿ ಪಾಪ ಅಂದುಕೊಂಡೆ. ಪರದೆಯ ಹಿಂದೆ ಇದ್ದವನಿಗೂ ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಕಾರಂಜಿಯ ಕಡೆ ಹೆಣ್ಣು ದನಿ. ಕಿರುಚಾಟ ಆಟದ ಭಾಗವೇ, ಹಾಗಾಗಿ ಜನ ಚಪ್ಪಾಳೆ ತಟ್ಟಿದರು. ಎರಡನೇ ಸಲ ಕಿರುಚಿದಾಗ ತಟ್ಟುವುದು ನಿಂತಿತು.

ಆಗ್ನೆಸ್. ದೆವ್ವಗಳ ಕೈಯಲ್ಲಿರುವ ಬರ್ಚ್ ಕಡ್ಡಿಯ ಚಾಟಿ ಆಟಕ್ಕೆ ಮೊಣಕಾಲಿನ ಕೆಳಗಷ್ಟೇ ತಾಗಬೇಕು. ಏಳನೇ ನಂಬರಿನವನು ಅದನ್ನು ತಿರುಗಿಸಿ ಹಿಡಿಯ ಕಡೆಯಿಂದ ಮುಖಕ್ಕೆ ಹೊಡೆದಿದ್ದ. ಎಡಗಣ್ಣು. ಅವಳ ಅಂಗೈಯಲ್ಲಿ ತುಂಬಿದ್ದನ್ನು ನೋಡಿದೆ... ಬರೆಯುವುದಿಲ್ಲ.

ಎಲ್ಲರ ಜೊತೆ ನೇದಿಮ್ ಕೂಡ ಓಡಿ ಬಂದಿದ್ದ. ಮುಖವಾಡವಿಲ್ಲದೆ, ಬರಿಯ ಅಂಗಿಯಲ್ಲಿ, ಒದ್ದೆ ಕೈಯಲ್ಲಿ. ಯಾರೋ "ಏಳು ಇವನದೇ ಅಲ್ವಾ" ಅಂದರು.

ಮುಖವಾಡ, ಉಡುಪು ಎಲ್ಲ ಅಗ್ನಿಶಾಮಕ ಠಾಣೆಯ ಹಿಂದಿನ ಕಸದ ಡಬ್ಬದ ಪಕ್ಕ ಸಿಕ್ಕಿದವಂತೆ.

ಅದೇ ದಿನ, ಸಂಜೆ 4

ಅಣ್ಣ ಬಂದಿದ್ದ. ಟೋಪಿ ತೆಗೆಯಲಿಲ್ಲ.

"ನೇದಿಮ್ ನಿನ್ನ ಹೆಸರು ಹೇಳಿದ್ದಾನೆ. ಆ ಹೊತ್ತಲ್ಲಿ ನಿನ್ನ ಅಂಗಡೀಲಿದ್ದೆ ಅಂತ. ನಾಳೆ ಪೊಲೀಸ್ ಬರ್ತಾರೆ."

"ಇದ್ದನಲ್ಲ."

"ಯೋಚನೆ ಮಾಡಿ ಹೇಳು."

"ಏನು ಯೋಚನೆ ಅಣ್ಣ? ಕಪ್ ತೊಳೀತಿದ್ದ."

"ನಿನ್ನ ಮುಂದೆ ಗಿರಾಕಿಗಳ ಸಾಲು. ಹಿಂದೆ ತಿರುಗಿ ನೋಡೋಕೆ ಪುರುಸೊತ್ತೆಲ್ಲಿತ್ತು ನಿನಗೆ? ಮಧ್ಯೆ ಒಂದು ಕಾಲು ಗಂಟೆ ಎದ್ದು ಹೋಗಿರಬಹುದು."

"ಸೆವೆರಿನ್ ಎಲ್ಲಿದ್ದ?"

ಅಣ್ಣ ಹೊಲಿಗೆ ಯಂತ್ರದ ಮೇಲಿದ್ದ ರೋಮವನ್ನು ಒಂದೊಂದಾಗಿ ಆಯುತ್ತ ನಿಂತ. 

"ಒಳಗೆ ಹೋದ್ರೆ ಅವನು ಮನುಷ್ಯನಾಗಿ ಆಚೆ ಬರಲ್ಲ ರೋಸಿ. ನೇದಿಮ್ ಗಟ್ಟಿಗ. ತಡಕೊಳ್ತಾನೆ. ಅವರು ಎಲ್ಲ ತಡಕೊಂಡೇ ಬಂದವರು."

ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಸೇರಿಸಿದ. "ನೀನು ತುತ್ತು ಉಣಿಸಿ ಬೆಳೆಸಿದ್ದು ಯಾರನ್ನ? ಅದೊಂದು ನೆನಪಿಟ್ಕೊ."

ಡಿಸೆಂಬರ್ 7, ಶುಕ್ರವಾರ

ಪೊಲೀಸ್ ಹುಡುಗಿ ಸಭ್ಯಸ್ಥೆ. ಬೂಟು ಹೊರಗೆ ಬಿಟ್ಟು ಬಂದಳು.

ನಾನು ಬರೆಸಿದ್ದು: "ನೇದಿಮ್ ಬಂದಿದ್ದ. ಸ್ವಲ್ಪ ಹೊತ್ತು ಇದ್ದ. ಆಮೇಲೆ ಎಲ್ಲಿ ಹೋದನೋ ಗಮನಿಸಲಿಲ್ಲ."

ಓದಿ ಹೇಳಿದಳು. ಸಹಿ ಹಾಕಿದೆ. ಅಕ್ಷರ ಚೆನ್ನಾಗಿದೆ ನಿಮ್ಮದು ಅಂದಳು.

ಡಿಸೆಂಬರ್ 9, ಭಾನುವಾರ

ಆಗ್ನೆಸ್ ಕಣ್ಣು ಉಳಿಯಲಿಲ್ಲ. ಪಾದ್ರಿಗಳು ಪೂಜೆಯ ಕೊನೆಗೆ ಹೇಳಿದರು. ಇಡೀ ಚರ್ಚು ಮಂಡಿಯೂರಿತು. ಅಣ್ಣ ಮುಂದಿನ ಸಾಲಿನಲ್ಲಿ. ನಾನೂ ಊರಿದೆ. ಮಂಡಿ ನೋಯಿತು, ಅಷ್ಟೇ.

ನೇದಿಮ್‌ನನ್ನು ಪೊಲೀಸರು ಎರಡು ದಿನ ಇಟ್ಟುಕೊಂಡು ಬಿಟ್ಟಿದ್ದಾರೆ. ಕೇಸು ಇದೆ. ಮಿಲ್ಲಿನಿಂದ ತೆಗೆದರು. ತಂಡದಿಂದ ತೆಗೆದದ್ದನ್ನು ಅಣ್ಣ ಫಲಕದಲ್ಲಿ ಬರೆದು ಹಾಕಿದ್ದಾನೆ.

ಸೆವೆರಿನ್ ಊಟಕ್ಕೆ ಬಂದಿದ್ದ. ಸೂಪಿನ ಬಟ್ಟಲಿಂದ ತಲೆ ಎತ್ತಲಿಲ್ಲ. ಆಡಿದ್ದು ಒಂದೇ ಮಾತು — "ಅತ್ತೆ, ಉಪ್ಪು."

ಕೊಟ್ಟೆ.

ಡಿಸೆಂಬರ್ 13, ಗುರುವಾರ

ನಾಳೆಗೆ ಸಾಮಾನು ಇಳಿಸುವಾಗ ಪಿರೋಷ್ಕಾ ಸಿಕ್ಕಳು. ಅವರ ಕಡೆ ಇವತ್ತು ಸಂತ ಲೂಸಿಯ ದಿನವಂತೆ. ಇವತ್ತಿನಿಂದ ಕ್ರಿಸ್ಮಸ್ಸಿನವರೆಗೆ ದಿನಕ್ಕೊಂದಿಷ್ಟು ಕೆತ್ತಿ ಒಂದು ಮಣೆ ಮಾಡಬೇಕು. ಹಬ್ಬದ ಪೂಜೆಯಲ್ಲಿ ಅದರ ಮೇಲೆ ಹತ್ತಿ ನಿಂತರೆ ಚರ್ಚಿನಲ್ಲಿ ಕೂತವರಲ್ಲಿ ಯಾರು ಮಾಟಗಾತಿ ಅಂತ ಕಾಣುತ್ತದೆ.

"ನಮ್ಮಜ್ಜಿ ಕಂಡಿದ್ದಳು ಗೊತ್ತಾ? ಪಾದ್ರಿಯ ತಂಗೀನೇ!"

"ಇಲ್ಲಿ ಹತ್ತಬೇಡ ಮಾರಾಯ್ತಿ. ಮೊದಲು ನಾನೇ ಕಾಣ್ತೀನಿ ನಿನಗೆ."

ಬಿದ್ದು ಬಿದ್ದು ನಕ್ಕಳು. ಹಿಟ್ಟಿನ ಕೈಯಿಂದ ಬೆನ್ನಿಗೊಂದು ಗುದ್ದಿದಳು. ಬಿಳಿ ಗುರುತು ಇನ್ನೂ ಕೋಟಿನ ಮೇಲಿದೆ.

ಡಿಸೆಂಬರ್ 15, ಶನಿವಾರ

ಸಾನೆಲಾ ಬಂದಳು, ನೇದಿಮ್ ಹೆಂಡತಿ. ಶಾಲೆ ಗುಡಿಸುವ ಕೆಲಸ ಅವಳದು. ಗಿರಾಕಿಗಳ ಸಾಲಿನಲ್ಲೇ ನಿಂತು ತನ್ನ ಸರದಿ ಬರುವವರೆಗೂ ಕಾದಳು. ಮುಂದಿದ್ದವರೂ ಹಿಂದಿದ್ದವರೂ ಎರಡೆರಡು ಹೆಜ್ಜೆ ಜಾಗ ಬಿಟ್ಟಿದ್ದರು.

"ಏನು ಕೊಡಲಿ?"

"ಏನೂ ಬೇಡ. ಒಂದು ಮಾತು ಕೇಳ್ಬೇಕಿತ್ತು. ಆವತ್ತು ಅವನಿಗೆ ಸೇಬಿನ ರಸ ಬಿಸಿ ಮಾಡಿ ಕೊಟ್ರಂತೆ. ಲವಂಗ ಹಾಕಿ. ಹೌದಾ?"

ಮುಂದಿನ ಕಪ್ಪಿಗೆ ವೈನ್ ಸುರಿದೆ.

"ಲವಂಗ ಬಾಯಿಗೆ ಸಿಕ್ತು, ಉಗುಳೋಕೆ ಜಾಗ ಇಲ್ದೆ ನುಂಗಿದೆ ಅಂದ. ಇಂಥದನ್ನ ಯಾರಾದ್ರೂ ಕಟ್ಟಿ ಹೇಳ್ತಾರಾ ಅಕ್ಕ?"

ಹಿಂದಿದ್ದ ಗಂಡಸು ಗಂಟಲು ಸರಿಮಾಡಿಕೊಂಡ. ಸಾಲಿನಾಚೆ ಅಣ್ಣ ನಿಂತಿದ್ದ.

"ನೆನಪಿಲ್ಲ ಸಾನೆಲಾ. ತುಂಬ ಜನ ಇದ್ದರು."

ತಲೆಯಾಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು. "ಶಾಲೇಲಿ ನನ್ನ ಮಗಳ ಪಕ್ಕ ಯಾರೂ ಕೂರ್ತಿಲ್ಲ" ಅಂತ ಮಾತ್ರ ಹೇಳಿ ಹೊರಟಳು. ಹೋಗುವ ಮುಂಚೆ ಕಟ್ಟೆಯ ಮೇಲೆ ಉರುಳಿದ್ದ ಖಾಲಿ ಕಪ್ಪೊಂದನ್ನು ಎತ್ತಿ ನೆಟ್ಟಗಿಟ್ಟಳು. ಕೆಲಸದ ಕೈ.

ಡಿಸೆಂಬರ್ 24, ಸೋಮವಾರ, ಸಂಜೆ 7

ಒಂಬತ್ತು ದಿನ ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ ಅಂದರೆ ಸುಳ್ಳು.

ಅಣ್ಣನ ಮನೆಯಲ್ಲಿ ಹಬ್ಬ. ಕತ್ತಲಾಗುತ್ತಲೇ ಧೂಪದ ಬಾಣಲೆ ಹಿಡಿದು ಕೋಣೆ ಕೋಣೆಗೆ, ಕೊಟ್ಟಿಗೆಗೆ. ಮುಂದೆ ಅಣ್ಣ ಪ್ರಾರ್ಥನೆ ಹೇಳುತ್ತ, ಹಿಂದೆ ಸೆವೆರಿನ್ ಪವಿತ್ರ ಜಲ ಚಿಮುಕಿಸುತ್ತ, ಕೊನೆಗೆ ನಾನು. ಹಳೆ ವರ್ಷದ ಕೆಟ್ಟದ್ದೆಲ್ಲ ಹೊಗೆಯಲ್ಲಿ ಹೋಗುತ್ತದಂತೆ. ನನಗೆ ಕೆಮ್ಮು ಬಂತು.

ಆಮೇಲೆ ಸಾಸೇಜ್ ಹಾಕಿದ ಶಾವಿಗೆ ಸೂಪು. ಸೆವೆರಿನ್ ಈಗ ತಲೆ ಎತ್ತಿ ತಿನ್ನುತ್ತಾನೆ. ಎರಡನೇ ಸಲ ಬಡಿಸಿಕೊಂಡ. ಬಾಯಿ ತುಂಬಿರುವಾಗಲೇ ಹೇಳಿದ:

"ಅತ್ತೆ, ಏಳಕ್ಕೆ ಹೊಸ ಉಡುಪು ಹೊಲೀಬೇಕಾಗುತ್ತೆ. ಹಳೇದು ಪೊಲೀಸ್ ಹತ್ರ ಇದೆಯಲ್ಲ, ವಾಪಸ್ ಕೊಡ್ತಾರೋ ಇಲ್ವೋ."

"ಏಳು ಯಾರಿಗೆ?"

"ಯಾರಿಗಾದ್ರೂ. ಜಾಗ ಖಾಲಿ ಇದೆಯಲ್ಲ. ಈ ಸಲ ನಮ್ಮವರಿಗೇ ಕೊಡೋಣ ಅಂತಿದ್ದಾರೆ ಎಲ್ಲ."

ಅಣ್ಣ ಚಮಚ ಕೆಳಗಿಟ್ಟ. "ಹಬ್ಬದ ದಿನ ಬೇಡ ಆ ಮಾತು" ಅಂದ. 

ಸೆವೆರಿನ್ ನನ್ನ ಕಡೆ ನೋಡಿ ನಕ್ಕ. ಚಿಕ್ಕವನಿದ್ದಾಗ ಸಕ್ಕರೆ ಕದ್ದು ಸಿಕ್ಕಿಬಿದ್ದರೆ ನಗುತ್ತಿದ್ದನಲ್ಲ, ಅದೇ ನಗು. ಆಗೆಲ್ಲ ನಾನು ಅಣ್ಣನಿಗೆ ಹೇಳದೆ ಮುಚ್ಚಿಡುತ್ತಿದ್ದೆ. ಮುಚ್ಚಿಡುತ್ತಾಳೆ ಅಂತ ಅವನಿಗೆ ಗೊತ್ತಿತ್ತು. ಇವತ್ತೂ ಗೊತ್ತಿತ್ತು.

ಪೂಜೆಗೆ ಹೋಗಲಿಲ್ಲ. ತಲೆನೋವು ಅಂದೆ.

ಡಿಸೆಂಬರ್ 27, ಗುರುವಾರ

ಬೆಳಗಿನ ಬಸ್ಸಿಗೆ ಪೇಟೆಗೆ ಹೋಗಿ ಬಂದೆ. ಅದೇ ಪೊಲೀಸ್ ಹುಡುಗಿ.

"ನಾನು ಬರೆಸಿದ್ದು ಸುಳ್ಳು. ನೇದಿಮ್ ಮೊದಲಿಂದ ಕೊನೆವರೆಗೆ ಪರದೆ ಹಿಂದೇನೇ ಇದ್ದ. ಓಡಿದ್ದು ಸೆವೆರಿನ್."

ಪೆನ್ನು ಕೆಳಗಿಟ್ಟಳು. "ನೀವು ಏನು ಹೇಳ್ತಿದ್ದೀರಿ ಅಂತ ಗೊತ್ತಿದೆಯಾ? ಸುಳ್ಳು ಸಾಕ್ಷಿಗೆ ನಿಮ್ಮ ಮೇಲೂ ಕೇಸ್ ಆಗುತ್ತೆ."

"ಆಗ್ಲಿ. ಬರ್ಕೊಳ್ಳಿ."

"ಅವನೇ ಅಂತ ನಿಮಗೆ ಗೊತ್ತಾಗಿದ್ದು ಯಾವಾಗ?"

"ಆಮೇಲೆ" ಅಂದೆ. "ಎಲ್ಲ ಆದ ಮೇಲೆ. ಯೋಚನೆ ಮಾಡಿದಾಗ. ನಡಿಗೆಯಿಂದ."

ಅದೊಂದು ಸುಳ್ಳು ಉಳಿಸಿಕೊಂಡೆ. ಯಾರಿಗೂ ತೊಂದರೆಯಿಲ್ಲದ ಸುಳ್ಳು ಅಂದುಕೊಂಡು ಸಹಿ ಹಾಕಿದೆ.

ಡಿಸೆಂಬರ್ 28, ಶುಕ್ರವಾರ

ನೇದಿಮ್ ಮನೆಗೆ ಹೋದೆ. ಎರಡನೇ ಮಹಡಿ. ಪೇರಳೆ ಬ್ರೆಡ್ ಒಯ್ದಿದ್ದೆ, ಮೂರ್ಖಳ ಹಾಗೆ. ಬಾಗಿಲು ತೆರೆದವನು ಅವನೇ. ಪೊಲೀಸರ ಫೋನು ಬಂದಿತ್ತಂತೆ. ಒಳಗೆ ಬನ್ನಿ ಅನ್ನಲಿಲ್ಲ. ಇಳಿದುಹೋಗಿದ್ದಾನೆ.

"ತಪ್ಪಾಯ್ತು ನೇದಿಮ್."

"ಮೂರು ವಾರ ಸಾನೆಲಾಗೆ ಹೇಳ್ತಾನೇ ಇದ್ದೆ. ರೋಸಿ ಅಕ್ಕ ಮರೆತಿರ್ತಾರೆ, ಆವತ್ತು ಒಬ್ಬರೇ ಇದ್ರು, ಗಡಿಬಿಡಿ, ಬೈಬೇಡ ಅವರನ್ನ ಅಂತ." ನನ್ನ ಮುಖವನ್ನೇ ನೋಡುತ್ತಿದ್ದ. "ಮರೆತಿರಲಿಲ್ಲ, ಅಲ್ವಾ?"

"ಇಲ್ಲ."

"ಅವಳ ಜೊತೆ ಜಗಳ ಆಡ್ಬಿಟ್ಟೆ ನಾನು. ನಿಮ್ಮ ಪರವಾಗಿ."

ಬ್ರೆಡ್ ತೆಗೆದುಕೊಳ್ಳಲಿಲ್ಲ. ಬಾಗಿಲನ್ನು ಮೆಲ್ಲಗೆ ಮುಚ್ಚಿದ, ಒಳಗೆ ಮಗು ಮಲಗಿರುವಾಗ ಮುಚ್ಚುವ ಹಾಗೆ.

ಜನವರಿ 6, ಭಾನುವಾರ

ಸೆವೆರಿನ್ ಒಪ್ಪಿಕೊಂಡಿದ್ದಾನೆ. ಎರಡೇ ಗಂಟೆ ವಿಚಾರಣೆಯಂತೆ. ಹೆದರಿಸೋಕೆ ಹೋಗಿದ್ದೆ, ಅವಳು ನಕ್ಕಳು, ಕೈ ಮೀರಿತು ಅಂದನಂತೆ. ಒಳಗಿದ್ದಾನೆ.

ಅಣ್ಣ ಬಂದ. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತು ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ:

"ಇನ್ನು ನನಗೆ ತಂಗಿ ಇಲ್ಲ. ಅವನಿಗೆ ಅತ್ತೆ ಇಲ್ಲ. ಹೆತ್ತವಳಾಗಿದ್ರೆ ಹೀಗೆ ಮಾಡ್ತಿರಲಿಲ್ಲ ನೀನು."

ಕೊನೆಯ ಮಾತು ಮೊದಲೇ ಯೋಚಿಸಿಕೊಂಡು ಬಂದದ್ದು. ಸರಿಯಾದ ಜಾಗಕ್ಕೇ ತಾಗಿತು.

ಇವತ್ತು ಮೂವರು ಜ್ಞಾನಿಗಳ ಹಬ್ಬ. ರಾಜರ ವೇಷದ ಮಕ್ಕಳು ನಕ್ಷತ್ರದ ಕೋಲು ಹಿಡಿದು ಮನೆ ಮನೆಗೆ ಹೋಗಿ ಹಾಡಿದರು, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ವರ್ಷ ಬರೆದರು. ನನ್ನ ಮನೆ ಬಿಟ್ಟು ಮುಂದಿನ ಮನೆಗೆ ಹೋದರು. ಮಿಠಾಯಿ ತಂದಿಟ್ಟಿದ್ದೆ.

ಜನವರಿ 19

ನೇದಿಮ್ ಮನೆಯವರು ಗ್ರಾಜ್ ಪಟ್ಟಣಕ್ಕೆ ಹೊರಟರು. ಸಾನೆಲಾಳ ಅಕ್ಕ ಇದ್ದಾಳಂತೆ ಅಲ್ಲಿ. ಮಿಲ್ಲಿನವರು ವಾಪಸ್ ಬಾ ಅಂದಿದ್ದರಂತೆ. ಅಣ್ಣನ ತಂಡದವರು ಯಾರೂ ಏನೂ ಅನ್ನಲಿಲ್ಲ. ಫಲಕದಲ್ಲಿ ಬರೆದದ್ದನ್ನು ಅಳಿಸಿದ್ದಾರೆ, ಅಷ್ಟೇ. ಅವನಿಲ್ಲದಿದ್ದರೆ ಇನ್ನು ಕೆತ್ತುವವರು ಯಾರು ಅಂತ ಬೇಕರಿಯಲ್ಲಿ ಮಾತು.

ಬಸ್ ಸ್ಟಾಪಿನವರೆಗೆ ಹೋಗಲಿಲ್ಲ. ಕಿಟಕಿಯಿಂದ ನೋಡಿದೆ.

ನನ್ನ ಕೇಸು ಮಾರ್ಚಿನಲ್ಲಿ. ಹೊಲಿಗೆಗೆ ಯಾರೂ ಬರುತ್ತಿಲ್ಲ.

ಫೆಬ್ರವರಿ 2, ಶನಿವಾರ

ಆಗ್ನೆಸ್ ಬಂದಿದ್ದಳು. ಈಗಷ್ಟೇ ಹೋದಳು. 

ಕಪ್ಪು ಕನ್ನಡಕ. ಒಂದು ಗಾಜು ಪೂರ್ತಿ ಕಪ್ಪು. ಮೆಟ್ಟಿಲು ಹತ್ತುವಾಗ ಎಡಗಡೆಯ ಗೋಡೆ ಮುಟ್ಟಿಕೊಂಡು ಬಂದಳು. ಅತ್ತೆ ಅನ್ನಲಿಲ್ಲ. "ರೋಸ್ವಿಥಾ ಅವರೇ" ಅಂದಳು. ಕಾಫಿ ಬೇಡ ಅಂದಳು.

"ಆಸ್ಪತ್ರೇಲಿ ಎಚ್ಚರ ಆದ ದಿನವೇ ಪೊಲೀಸರಿಗೆ ಸೆವೆರಿನ್ ಅಂತ ಹೇಳಿದ್ದೆ ನಾನು. ಏಳು ಅವನದಲ್ಲ, ನೋವಲ್ಲಿ ನಿಮಗೆ ಹಾಗನ್ನಿಸಿದೆ ಅಂದ್ರು. ಆಮೇಲೆ ನಿಮ್ಮ ಸಾಕ್ಷಿ ಬಂತು. ನನಗೇ ನನ್ನ ಮೇಲೆ ಅನುಮಾನ ಬಂತು. ಹಳೇ ಸಿಟ್ಟಿಗೆ ಅವನ ಹೆಸರು ಹೇಳಿಬಿಟ್ಟೆನೇನೋ ಅಂತ... ಕ್ಷಮೆ ಕೇಳಿ ಕಾಗದ ಬರೆದೆ ಅವನಿಗೆ."

"ಸೆವೆರಿನ್‌ಗಾ?"

"ಹೂಂ. ಬರೆಯೋಕೆ ಒಂದು ದಿನ ಹಿಡೀತು, ಸಾಲು ಕಾಣ್ತಿರಲಿಲ್ಲ. ಅವನು ಉತ್ತರಾನೂ ಬರೆದ. ಪರವಾಗಿಲ್ಲ, ಕ್ಷಮಿಸಿದ್ದೀನಿ ಅಂತ."

ಕನ್ನಡಕ ಸರಿಮಾಡಿಕೊಂಡಳು. 

"ಒಂದೇ ಒಂದು ಕೇಳಿ ಹೋಗೋಣ ಅಂತ ಬಂದೆ. ಎಲ್ಲ ಆದ ಮೇಲೆ ಗೊತ್ತಾಯ್ತು ಅಂತ ಬರೆಸಿದ್ದೀರಂತೆ. ಲಾಯರು ಓದಿ ಹೇಳಿದ್ರು. ಅವನು ನಿಮ್ಮ ಅಂಗಡಿ ಮುಂದೇನೇ ಹಾದು ಹೋಗಿದ್ದಲ್ವಾ. ನೀವು ಬೆಳೆಸಿದ ಹುಡುಗ. ಆಗ ಗುರುತು ಸಿಗಲಿಲ್ವಾ ನಿಮಗೆ?"

ಇಲ್ಲ ಅನ್ನಬಹುದಿತ್ತು. ಅವಳು ನಂಬಿಕೊಂಡು ಹೋಗುತ್ತಿದ್ದಳೋ ಏನೋ.

"ಸಿಕ್ಕಿತ್ತು" ಅಂದೆ.

 ಆಮೇಲೆ ದನಿ ಏರಿಸದೆ, ಮಕ್ಕಳನ್ನು ಕೇಳುವ ಹಾಗೆ ಕೇಳಿದಳು — "ಆಗ ನಾನು ಎಲ್ಲಿದ್ದೆ?"

ಕಾರಂಜಿಯ ಹತ್ತಿರ ಇದ್ದಳು. ಬಿಳಿ ಟೋಪಿ. ಅಂಗಡಿಯಿಂದ ಕಾಣುತ್ತಿತ್ತು. ಅವನು ಜನರ ಸಾಲು ಬಿಟ್ಟು ಅತ್ತಲೇ ತಿರುಗಿದ್ದನ್ನೂ ನಾನು ನೋಡಿದ್ದೆ.